ಗೆಳೆಯರಿಗೆ ಫಿಸಿಕ್ಸ್ ಲೆಕ್ಕ ಹೇಳಿಕೊಡುವುದು ಹೇಗೆ?

ಸೆಕೆಂಡ್ ಪಿಯುಸಿ ಪರೀಕ್ಷೆ ಹತ್ತಿರ ಬಂತೆಂದರೆ ಮೈಸೂರು, ಮಂಡ್ಯದ ಹಾಸ್ಟೆಲ್ ರೂಮುಗಳಲ್ಲಿ, ಕುಕ್ಕರಹಳ್ಳಿ ಕೆರೆಯ ಬೆಂಚುಗಳ ಮೇಲೆ ಮಕ್ಕಳು ಗುಂಪು ಕಟ್ಟಿಕೊಂಡು ಫಿಸಿಕ್ಸ್ ಓದುತ್ತಾರೆ. ತುಂಬಾ ಒಳ್ಳೆಯದು. ಆದರೆ ಹೆಚ್ಚಿನ ಗುಂಪುಗಳಲ್ಲಿ ಗೊತ್ತಿರುವವನು ಪೆನ್ನು ಕಿತ್ತುಕೊಂಡು ಸರಸರ ಲೆಕ್ಕ ಮಾಡುತ್ತಾನೆ. ಮಿಕ್ಕವರು "ಹ್ಞೂಂ, ಗೊತ್ತಾಯ್ತು" ಅನ್ನುತ್ತಾರೆ. ಮಾರನೇ ದಿನ ಅದೇ ಲೆಕ್ಕ ಕೊಟ್ಟರೆ ಕೈ ಓಡುವುದಿಲ್ಲ.

ಮೊದಲು ಗುಂಪು. ಮೂರು ಜನ ಸಾಕು, ಜಾಸ್ತಿಯಾದರೆ ಹರಟೆ. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವವರು ನಿಯಮ, ವ್ಯಾಖ್ಯೆಗಳನ್ನು ದಾರಿಯಲ್ಲೇ ಒಬ್ಬರಿಗೊಬ್ಬರು ಒಪ್ಪಿಸಬಹುದು. ಲೆಕ್ಕ ಮಾತ್ರ ರೈಲಿನಲ್ಲಿ ಬೇಡ, ಅದಕ್ಕೆ ಮೇಜು ಬೇಕು.

ಪಠ್ಯಪುಸ್ತಕದ ಅಧ್ಯಾಯದ ಕೊನೆಯ ಲೆಕ್ಕಗಳು, ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆ, ಇಷ್ಟಿದ್ದರೆ ಆಯಿತು. ವಾಟ್ಸಾಪ್‌ನಲ್ಲಿ ಓಡಾಡುವ "ಇಷ್ಟು ಓದಿದರೆ ಪಾಸ್" ಪಿಡಿಎಫ್‌ಗಳನ್ನು ದಯವಿಟ್ಟು ನಂಬಬೇಡಿ. ಫೋಟೋ ಹೊಡೆದರೆ ಉತ್ತರ ಕೊಡುವ ಆ್ಯಪ್ ಅಂತೂ ಗುಂಪಿನಲ್ಲಿ ಬೇಡವೇ ಬೇಡ.

ಈಗ ಕಷ್ಟದ ಭಾಗ. ಗೆಳೆಯ ಲೆಕ್ಕ ತಂದು ಮುಂದಿಟ್ಟಾಗ ಪೆನ್ನು ಮುಟ್ಟಬೇಡಿ. "ಎಲ್ಲೀಗಂಟ ಬಂದೆ?" ಎಂದು ಕೇಳಿ. ಅವನು ಬರೆದಷ್ಟನ್ನೂ ಅವನ ಬಾಯಲ್ಲೇ ಹೇಳಿಸಿ. ತಪ್ಪು ಕಂಡ ಕೂಡಲೇ ಬಾಯಿ ಹಾಕಬೇಡಿ, ಕೊನೆವರೆಗೂ ಕೇಳಿ.

ಒಂದು ಲೆಕ್ಕ ನೋಡೋಣ. ಪೀನ ಮಸೂರದ (ಕಾನ್ವೆಕ್ಸ್ ಲೆನ್ಸ್) ಸಂಗಮ ದೂರ 20 ಸೆಂ.ಮೀ. ವಸ್ತು 30 ಸೆಂ.ಮೀ. ದೂರದಲ್ಲಿದೆ. ಪ್ರತಿಬಿಂಬ ಎಲ್ಲಿ? ಮಸೂರದ ಸೂತ್ರ 1/ಎಫ್ = 1/ವಿ − 1/ಯು. ಎಫ್ ಅಂದರೆ ಸಂಗಮ ದೂರ, ವಿ ಪ್ರತಿಬಿಂಬದ ದೂರ, ಯು ವಸ್ತುವಿನ ದೂರ. ಇಲ್ಲಿ ಯು ಅಂದರೆ −30. ಸರಿಯಾಗಿ ಹಾಕಿದರೆ ವಿ = 60 ಸೆಂ.ಮೀ.

ಗೆಳೆಯನಿಗೆ 12 ಬಂತು ಅಂದುಕೊಳ್ಳಿ. ಯುಗೆ ಮೈನಸ್ ಹಾಕದಿದ್ದರೂ 12 ಬರುತ್ತದೆ. ಮೈನಸ್ ಹಾಕಿ, ಮಸೂರದ ಬದಲು ದರ್ಪಣದ ಸೂತ್ರ (1/ಎಫ್ = 1/ವಿ + 1/ಯು) ಬಳಸಿದರೂ 12 ಬರುತ್ತದೆ. ಉತ್ತರ ನೋಡಿ ಯಾವ ತಪ್ಪು ಅಂತ ಹೇಳಲು ಆಗುವುದಿಲ್ಲ, ಅವನ ಬಾಯಿಂದಲೇ ಕೇಳಬೇಕು. ಇನ್ನೂ ಅಪಾಯದ್ದು ಇದೆ: ಎರಡೂ ತಪ್ಪು ಒಟ್ಟಿಗೆ ಮಾಡಿದರೆ ಸರಿಯಾಗಿ 60 ಬಂದುಬಿಡುತ್ತದೆ! "ಉತ್ತರ ಬಂತಲ್ವಾ" ಎಂದು ಮುಂದೆ ಹೋಗುತ್ತಾರೆ. ಆಮೇಲೆ ವರ್ಧನೆ (ವಿ/ಯು) ಕೇಳಿದಾಗ 60/30 ಎಂದು +2 ಬರೆದು, ಪ್ರತಿಬಿಂಬ ನೇರವಾಗಿದೆ ಅನ್ನುತ್ತಾರೆ. ಅದು −2, ತಲೆಕೆಳಗಾದ ಬಿಂಬ.

ಅದಕ್ಕೇ ಸೂತ್ರಕ್ಕಿಂತ ಮುಂಚೆ ಚಿತ್ರ ಬರೆಸಿ. ಪೆನ್ಸಿಲ್ಲಿನಲ್ಲಿ, ಅರ್ಧ ಪುಟದಷ್ಟು ದೊಡ್ಡದಾಗಿ. ಬೆಳಕು ಎಡದಿಂದ ಬಲಕ್ಕೆ ಹೋಗುವ ಬಾಣ ಮೊದಲು. ದೂರವೆಲ್ಲ ಮಸೂರದ ನಡುವಿನಿಂದಲೇ ಅಳೆಯಬೇಕು. ಬಾಣದ ದಿಕ್ಕಿಗೆ ಅಳೆದರೆ ಪ್ಲಸ್, ಎದುರಿಗೆ ಅಳೆದರೆ ಮೈನಸ್. ವಸ್ತು ಎಡಕ್ಕಿದೆ, ಹಾಗಾಗಿ ಮೈನಸ್. ಪ್ರತಿ ಸಂಖ್ಯೆಯನ್ನೂ ಚಿಹ್ನೆ ಸಮೇತ ಚಿತ್ರದ ಮೇಲೆ ಬರೆಸಿ, ಆಮೇಲೆ ಸೂತ್ರಕ್ಕೆ ಇಳಿಸಿ. ವಸ್ತು 20ಕ್ಕೂ ಅದರ ಎರಡರಷ್ಟಾದ 40ಕ್ಕೂ ನಡುವೆ ಇರುವುದರಿಂದ ಬಿಂಬ 40ರ ಆಚೆಗೇ ಬೀಳಬೇಕು ಎನ್ನುವುದೂ ಆ ಚಿತ್ರದಲ್ಲೇ ಕಾಣುತ್ತದೆ. 12 ಬಂದವನು ತಾನೇ ಗಾಬರಿಯಾಗಿ ಹಿಂದೆ ತಿರುಗಿ ನೋಡುತ್ತಾನೆ. ನೀವು ಸುಮ್ನೆ ಕೂತಿದ್ದರೆ ಸಾಕು.

ಸೂತ್ರ, ಬೆಲೆ ಹಾಕಿದ ಸಾಲು, ಉತ್ತರ, ಮಾನ (ಯೂನಿಟ್): ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ. ಕೊನೆಗೆ ಎಡವಿದರೂ ಹಂತಗಳಿಗೆ ಅಂಕ ಸಿಗುತ್ತದೆ. ಕೆಲವು ಗೈಡ್‌ಗಳಲ್ಲಿ ಮಾನವನ್ನೇ ಬಿಟ್ಟಿರುತ್ತಾರೆ, ಅದನ್ನು ನೋಡಿ ಕಲಿತವರು ಪರೀಕ್ಷೆಯಲ್ಲೂ ಬಿಡುತ್ತಾರೆ.

ಕೊನೆಯದಾಗಿ, ಪುಸ್ತಕ ಮುಚ್ಚಿಸಿ ಅದೇ ಸಂಖ್ಯೆಗಳನ್ನು ನಿಮ್ನ ಮಸೂರಕ್ಕೆ (ಕಾನ್ಕೇವ್ ಲೆನ್ಸ್) ಕೊಡಿ. ಸಂಗಮ ದೂರ ಈಗ −20. ಉತ್ತರ −12 ಬರಬೇಕು. ಯಾವುದಕ್ಕೂ ಮೈನಸ್ ಹಾಕದೆ ದರ್ಪಣದ ಸೂತ್ರವನ್ನೇ ಬಳಸಿದವನಿಗೆ ಇಲ್ಲಿ ಮತ್ತೆ 60 ಬರುತ್ತದೆ. ಹಾಗಾದರೆ ಬೈಯಬೇಡಿ, ಪೆನ್ಸಿಲ್ ಅವನ ಕೈಗೇ ಕೊಟ್ಟು ಚಿತ್ರದಿಂದ ಮತ್ತೆ ಶುರು ಮಾಡಿಸಿ.