ರಜಾ ಶಿಬಿರದಲ್ಲಿ ಹಾಡು ಕಟ್ಟುವುದು: ನಾನು ಕೆಲಸ ಮಾಡುವ ಕ್ರಮ

ವಸತಿ ಶಿಬಿರಕ್ಕೆ ಹೊರಡುವವರಲ್ಲಿ ಬಹಳ ಮಂದಿ ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡ ಒಂದು ಹಾಡನ್ನು ಅಲ್ಲಿ ಮುಗಿಸುವ ಆಸೆ ಹೊತ್ತಿರುತ್ತಾರೆ. ಐದಾರು ದಿನದಲ್ಲಿ ಅದು ಆಗುವ ಮಾತಲ್ಲ. ಆ ಹಾಡಿನ ಮೇಲೆ ಆಗಲೇ ಮೋಹ ಬೆಳೆದಿರುತ್ತದೆ, ಯಾರು ಏನೇ ಹೇಳಿದರೂ ಒಂದು ಸಾಲು ಬಿಡಲು ಮನಸ್ಸು ಬರುವುದಿಲ್ಲ. ನಾನು ಹಳೆಯ ಹಾಡು ಯಾವುದನ್ನೂ ಒಯ್ಯುವುದಿಲ್ಲ. ದಿನಕ್ಕೊಂದು ಸಣ್ಣ ಹಾಡು, ಸುಮಾರಾಗಿದ್ದರೂ ಸರಿ, ರಾತ್ರಿ ಊಟದೊಳಗೆ ಮೊದಲಿನಿಂದ ಕೊನೆತನಕ ಹಾಡುವಂತಾಗಬೇಕು. ಅರ್ಧಕ್ಕೆ ನಿಂತದ್ದನ್ನು ಕೇಳಿ ಬೇರೆಯವರು ಏನೂ ಹೇಳಲಾರರು. ಚರಣ ಉದ್ದವಾಯಿತೋ, ಪಲ್ಲವಿ ತಡವಾಗಿ ಬಂತೋ ಎನ್ನುವುದು ಪೂರ್ತಿ ಕೇಳಿದ ಮೇಲೇ ಗೊತ್ತಾಗುವುದು.

ಬರೆಯುವ ಮೊದಲು ಅಳತೆ ಹಾಕಿಕೊಳ್ಳುತ್ತೇನೆ. ಬೀಟ್ ಹೊಡೆಯುವ ಉಪಕರಣ ಮೆಟ್ರೊನೋಮನ್ನು ನಿಮಿಷಕ್ಕೆ 96 ಬೀಟ್‌ಗೆ ಇಟ್ಟರೆ ನಾಲ್ಕು ಬೀಟ್‌ನ ಒಂದು ಬಾರ್‌ಗೆ ಸರಿಯಾಗಿ ಎರಡೂವರೆ ಸೆಕೆಂಡ್. ಪೀಠಿಕೆಗೆ 4 ಬಾರ್, ಪಲ್ಲವಿ 8, ಮೊದಲ ಚರಣ 16, ಮತ್ತೆ ಪಲ್ಲವಿ 8, ಎರಡನೇ ಚರಣ 16, ಕೊನೆಗೆ ಪಲ್ಲವಿ ಎರಡು ಸಲ, ಅಂದರೆ 16. ಒಟ್ಟು 68 ಬಾರ್, 2 ನಿಮಿಷ 50 ಸೆಕೆಂಡ್. ಎರಡು ಬಾರ್‌ಗೆ ಒಂದು ಸಾಲು ಅಂತಿಟ್ಟುಕೊಂಡರೆ ಪಲ್ಲವಿಗೆ 4 ಸಾಲು, ಚರಣಕ್ಕೆ ಎಂಟೆಂಟು. ಇಡೀ ಹಾಡಿಗೆ ಬೇಕಾದದ್ದು 20 ಸಾಲು, ಹೆಚ್ಚೆಂದರೆ 80 ಪದ. ಈ ಲೆಕ್ಕ ಕಂಡಾಗ ಹೊಸಬರಿಗೆ ಅಚ್ಚರಿಯಾಗುತ್ತದೆ, ಏಕೆಂದರೆ ಅವರ ಪುಸ್ತಕದಲ್ಲಿ ಆಗಲೇ ಮೂರು ಪುಟ ತುಂಬಿರುತ್ತದೆ. ಅಷ್ಟೂ ಪದಗಳನ್ನು ಟ್ಯೂನಿಗೆ ತುರುಕಲು ಹೋದಾಗ ಉಸಿರು ತೆಗೆದುಕೊಳ್ಳಲು ಜಾಗವೇ ಉಳಿಯುವುದಿಲ್ಲ.

ಟ್ಯೂನು ಮೊದಲೋ ಸಾಹಿತ್ಯ ಮೊದಲೋ ಎಂಬ ಚರ್ಚೆ ಪ್ರತಿ ಶಿಬಿರದಲ್ಲೂ ಊಟದ ಮೇಜಿಗೆ ಬಂದೇ ಬರುತ್ತದೆ. ಕಲಿಯುವ ಹಂತದಲ್ಲಿ ಪಲ್ಲವಿಯ ಮೊದಲ ಸಾಲು ಎರಡೂ ಸೇರಿಯೇ ಹುಟ್ಟುವುದು ಒಳ್ಳೆಯದು, ಅಲ್ಲಿಂದ ಮುಂದೆ ಟ್ಯೂನನ್ನು ಮುಂದೆ ಬಿಟ್ಟು ಪದ ಹಿಂದೆ ಹೋದರಾಯಿತು. ನಾನು ಆ ಒಂದು ಸಾಲನ್ನು ಮಾತಿನಂತೆ ಹತ್ತಾರು ಸಲ ಗಟ್ಟಿಯಾಗಿ ಹೇಳುತ್ತೇನೆ. ಮಾತಿನಲ್ಲೇ ಒಂದು ಏರಿಳಿತ ಇರುತ್ತದೆ. ಅದನ್ನೇ ಸ್ವಲ್ಪ ಎಳೆದರೆ ರಾಗದ ಎಳೆ ಸಿಗುತ್ತದೆ. ಉಳಿದ ಸಾಲುಗಳನ್ನು ಅರ್ಥವಿಲ್ಲದ ‘ತನನ ಲಲಲ’ದಲ್ಲಿ ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಅದರ ಮಾತ್ರೆ ಎಣಿಸುತ್ತೇನೆ.

ಕನ್ನಡದಲ್ಲಿ ಹಾಡು ಕೆಡುವುದು ಹೆಚ್ಚಾಗಿ ಈ ಎಣಿಕೆಯಲ್ಲಿ. ಲಘುವಿಗೆ (ಹ್ರಸ್ವಾಕ್ಷರ) ಒಂದು ಮಾತ್ರೆ, ಗುರುವಿಗೆ (ದೀರ್ಘಾಕ್ಷರ) ಎರಡು. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು, ಸೊನ್ನೆ ಇರುವುದೂ ಗುರು. ಶಾಲೆಯಲ್ಲಿ ಅಂಕಕ್ಕಾಗಿ ಕಲಿತ ಪ್ರಸ್ತಾರ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಅರ್ಧ ಬೀಟ್‌ಗೆ ಒಂದು ಮಾತ್ರೆ ಎಂದುಕೊಂಡರೆ ಎರಡು ಬಾರ್‌ಗೆ 16 ಮಾತ್ರೆ. ಉದಾಹರಣೆಗೆ ‘ಬಾಗಿಲು ತೆರೆದರೆ ಬೀದಿಯ ಬೆಳಕು’ ಎಂಬ ಸಾಲು ನಾಲ್ಕು, ನಾಲ್ಕು, ನಾಲ್ಕು, ಮೂರು ಎಂದು ಹೋಗುತ್ತದೆ. ಕೊನೆಗೆ ಉಳಿದ ಒಂದು ಮಾತ್ರೆ ಉಸಿರಿಗೆ. ಈಗ ‘ಬಾಗಿಲು’ ತೆಗೆದು ಅದೇ ಸ್ವರಗಳಿಗೆ ‘ಕಿಟಕಿ’ ಹಾಕಿ ನೋಡಿ. ಮೂರೇ ಮಾತ್ರೆ, ಮೊದಲ ಸ್ವರವೋ ಎರಡು ಮಾತ್ರೆಯಷ್ಟು ಉದ್ದ. ಹಾಡುವವರು ಬೇರೆ ದಾರಿ ಇಲ್ಲದೆ ‘ಕೀಟಕಿ’ ಎನ್ನುತ್ತಾರೆ, ಕೇಳುವವರಿಗೆ ಕೀಟ ಕಾಣಿಸುತ್ತದೆ. ‘ಬಲ’ ಹೋಗಿ ‘ಬಾಲ’ ಆಗುವುದು, ‘ನಡು’ ಹೋಗಿ ‘ನಾಡು’ ಆಗುವುದು ಎಲ್ಲ ಇದೇ ಬಗೆ. ತದ್ವಿರುದ್ಧ ತೊಂದರೆ ವೇಗದ ಸ್ವರಗಳಲ್ಲಿ: ಒತ್ತು ನುಂಗಿಹೋಗಿ ‘ಹಳ್ಳಿ’ ‘ಹಳಿ’ಯಂತೆ ಕೇಳುತ್ತದೆ. ಉದ್ದ ಸ್ವರಕ್ಕೆ ದೀರ್ಘಾಕ್ಷರ, ಓಡುವ ಸ್ವರಗಳಿಗೆ ಬಿಡಿ ಲಘುಗಳು ಎಂದಿಟ್ಟುಕೊಂಡರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಮೇಲಿನ ಸ್ವರದಲ್ಲಿ ನಿಲ್ಲುವ ಕಡೆ ‘ಆ’ ಅಥವಾ ‘ಓ’ ಇರಲಿ. ‘ಈ’, ‘ಊ’ ಬಂದರೆ ತರಬೇತಿಯಿಲ್ಲದ ಗಂಟಲು ಬಿಗಿಯುತ್ತದೆ.

ಇನ್ನೊಂದು, ಪದದ ಮೊದಲ ಅಕ್ಷರ ಬೀಟ್‌ನ ಮೇಲೆ ಬೀಳಬೇಕು. ಪದ ಎರಡು ಬೀಟ್‌ಗಳ ನಡುವೆ ಎಲ್ಲೋ ಶುರುವಾಗಿ, ಅದರ ಬಾಲ ಮುಂದಿನ ಬೀಟ್‌ನ ಮೇಲೆ ಹೊಡೆದರೆ ಅರ್ಥ ಒಡೆಯುತ್ತದೆ. ಬೇಕೆಂದೇ ಹಾಗೆ ಮಾಡುವುದೂ ಉಂಟು, ಆದರೆ ಒಂದು ಹಾಡಿನಲ್ಲಿ ಒಂದೆರಡು ಕಡೆ ಸಾಕು.

ಪ್ರಾಸದ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ‘ಬರುತಿದೆ, ಇರುತಿದೆ, ಕರೆಯುತಿದೆ’ ಎಂದು ನಾಲ್ಕು ಸಾಲು ಹೊಸೆದರೆ ಪ್ರತ್ಯಯಗಳು ಮಾತ್ರ ಕೂಡುತ್ತವೆ, ಪದಗಳು ಕೂಡುವುದಿಲ್ಲ. ‘ಅಲ್ಲಿ’, ‘ಇಂದ’ಗಳೂ ಅಷ್ಟೇ. ಕ್ರಿಯಾಪದವನ್ನು ಸಾಲಿನ ಒಳಗೆ ಸರಿಸಿ ನಾಮಪದವನ್ನು ಕೊನೆಗೆ ತಂದರೆ ಈ ಚಟ ತಪ್ಪುತ್ತದೆ. ಜೊತೆಗೆ ಎರಡನೇ ಅಕ್ಷರದ ಪ್ರಾಸ ಸೇರಿದರೆ ಸಾಲು ಕಿವಿಯಲ್ಲಿ ಚೆನ್ನಾಗಿ ಕೂರುತ್ತದೆ. ಮೇಲಿನ ಸಾಲಿಗೆ ‘ಸಾಗದ ಬಂಡಿಯ ಗಾಲಿಗೆ ಹುಳುಕು’ ಎಂದು ಜೋಡಿಸಿದರೆ ಮೊದಲಕ್ಷರ ಎರಡೂ ಕಡೆ ಗುರು, ಎರಡನೆಯದು ಎರಡೂ ಕಡೆ ಗಕಾರ, ತುದಿಯಲ್ಲೂ ಪ್ರಾಸ, ಮಾತ್ರೆಯೂ ಅದೇ. ಇಷ್ಟು ಬಿಗಿ ಇಡೀ ಹಾಡಿಗೆ ಬೇಡ. ಪಲ್ಲವಿಗೆ ಇದ್ದರೆ ಚರಣವನ್ನು ಸಡಿಲ ಬಿಡಬಹುದು.

ಗಿಟಾರ್ ಹಿಡಿದವರ ಹಾಡುಗಳೆಲ್ಲ ಎರಡನೇ ದಿನದ ಹೊತ್ತಿಗೆ ಒಂದೇ ಥರ ಕೇಳತೊಡಗುತ್ತವೆ. ಜಿ, ಡಿ, ಇ ಮೈನರ್, ಸಿ, ಬಾರ್‌ಗೊಂದು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು), ಕಾರ್ಡಿನ ಮೂಲಸ್ವರದ ಮೇಲೇ ಪ್ರತಿ ಸಾಲಿನ ಆರಂಭ. ತಪ್ಪು ಕಾರ್ಡುಗಳದ್ದಲ್ಲ, ಕೈ ಓಡಿದ ಕಡೆ ಗಂಟಲೂ ಹೋಗುತ್ತದೆ ಅಷ್ಟೇ. ವಾದ್ಯ ಕೆಳಗಿಟ್ಟು ಬರೀ ಶ್ರುತಿ ಹಚ್ಚಿಕೊಂಡು ಹಾಡಿ, ಟ್ಯೂನು ಗಟ್ಟಿಯಾದ ಮೇಲೆ ಕಾರ್ಡ್ ಹುಡುಕಿದರೆ ಇದರಿಂದ ಹೊರಬರಬಹುದು. ಸಾಲನ್ನು ಒಂದನೇ ಬೀಟ್ ಬಿಟ್ಟು ಎರಡರಿಂದ ಎತ್ತಿಕೊಳ್ಳುವುದೂ ಸುಲಭದ ಉಪಾಯ. ಚರಣ ಮಂದ್ರ ಪಂಚಮದಿಂದ (ಕೆಳಗಿನ ಸ್ಥಾಯಿಯ ‘ಪ’) ಮಧ್ಯಮದೊಳಗೆ ಸುತ್ತಾಡಲಿ, ಪಲ್ಲವಿ ಗಾಂಧಾರದಿಂದ ಮೇಲೆದ್ದು ಧೈವತ, ನಿಷಾದ ಮುಟ್ಟಲಿ. ಒಟ್ಟು ಹತ್ತು ಸ್ವರದ ಹರವು, ಗುಂಪಿನಲ್ಲಿ ಯಾರು ಬೇಕಾದರೂ ಹಾಡಬಹುದು. ಗಂಟಲಿಗೆ ಹೊಂದದಿದ್ದರೆ ಗಿಟಾರಿನ ತಂತಿಗಳನ್ನು ಅಡ್ಡಲಾಗಿ ಒತ್ತಿ ಹಿಡಿಯುವ ಕ್ಲಿಪ್ಪು, ಕ್ಯಾಪೊ ಇದೆ, ಅದು ಒಂದು ಫ್ರೆಟ್ (ಗಿಟಾರಿನ ಮನೆ) ಮೇಲೆ ಹೋದರೆ ಅರ್ಧ ಸ್ವರ ಏರುತ್ತದೆ.

ಬೆಳಗಿನ ಹೊತ್ತು ಪದಗಳಿಗೆ, ಮಧ್ಯಾಹ್ನದ ಮೇಲೆ ಹಾಡಿಗೆ. ಎದ್ದ ಕೂಡಲೇ ಗಂಟಲು ಒರಟಾಗಿರುತ್ತದೆ, ಆಗ ಎತ್ತರದ ಸ್ವರ ಹಿಡಿದರೆ ಮೂರನೇ ದಿನ ದನಿ ಬಿದ್ದುಹೋಗುತ್ತದೆ. ಬೆಳಿಗ್ಗೆ ಹತ್ತು ನಿಮಿಷ ಗಡಿಯಾರ ಇಟ್ಟು ಒಂದು ವಸ್ತುವಿನ ಬಗ್ಗೆ ಬರೆಯುವುದು: ಕೊಡೆ, ಬೀಗ, ಹಳೆಯ ಚಪ್ಪಲಿ, ಏನಾದರೂ. ಭಾವನೆಯ ಹೆಸರು ಹೇಳುವಂತಿಲ್ಲ. ಕಣ್ಣಿಗೆ, ಕಿವಿಗೆ, ಮೂಗಿಗೆ, ಕೈಗೆ ಸಿಕ್ಕಿದ್ದು ಮಾತ್ರ. ಅದರಿಂದ ಹಾಡಿಗೆ ಮೂರ್ನಾಲ್ಕು ನುಡಿಗಟ್ಟು ಸಿಕ್ಕರೆ ಧಾರಾಳ. ಎರಡನೇ ಚರಣ ಬರಡಾಗುವುದಕ್ಕೆ ಕಾರಣವೂ ಇಲ್ಲೇ ಇದೆ. ಮೊದಲನೆಯದರಲ್ಲೇ ಎಲ್ಲ ಹೇಳಿ ಮುಗಿಸಿದವರು ಎರಡನೆಯದರಲ್ಲಿ ಅದನ್ನೇ ಬೇರೆ ಪದಗಳಲ್ಲಿ ಹೇಳುತ್ತಾರೆ. ಕಾಲ ಬದಲಿಸಿ, ಇಲ್ಲವೇ ಮಾತಾಡುವ ವ್ಯಕ್ತಿಯನ್ನು ಬದಲಿಸಿ.

ಸಂಜೆಯ ಕೂಟದಲ್ಲಿ ಮಾತಿನ ಪೀಠಿಕೆ ಹಾಕದೆ ಹಾಡಬೇಕು. ‘ಇದು ಇನ್ನೂ ಪೂರ್ತಿ ಆಗಿಲ್ಲ, ಗಂಟಲು ಸರಿಯಿಲ್ಲ’ ಅಂದರೆ ಕೇಳುವವರು ದಾಕ್ಷಿಣ್ಯಕ್ಕೆ ಬೀಳುತ್ತಾರೆ. ಮೊದಲ ಸಲ ಬರೀ ಹಾಡು. ಎರಡನೇ ಸಲ ಸಾಹಿತ್ಯದ ಹಾಳೆ ಹಂಚಿ ಹಾಡುವುದು. ಮೊದಲ ಸಲ ಕಿವಿಗೆ ಬೀಳದೆ ಹಾಳೆಯಲ್ಲಿ ಕಂಡ ಪದಗಳಿಗೆ ಕೇಳುಗರು ಗೆರೆ ಎಳೆಯಲಿ. ಗೆರೆಗಳು ಬಹುಪಾಲು ಮಾತ್ರೆ ತಪ್ಪಿದ ಕಡೆಯೇ ಇರುತ್ತವೆ. ಅವರು ಮಾತಾಡುವಾಗ ಹಾಡು ಕಟ್ಟಿದವರು ಸುಮ್ಮನೆ ಬರೆದುಕೊಳ್ಳಬೇಕು, ಸಮರ್ಥನೆ ಬೇಡ. ‘ಚೆನ್ನಾಗಿದೆ’ ಎಂಬ ಮಾತಿನಿಂದ ಉಪಯೋಗವಿಲ್ಲ, ‘ಮೂರನೇ ಸಾಲಲ್ಲಿ ಗಮನ ಹೋಯಿತು’ ಎಂಬುದರಿಂದ ಇದೆ.

ಜೊತೆಗೂಡಿ ಬರೆಯುವುದಾದರೆ ಇಬ್ಬರು ಅಥವಾ ಮೂವರು, ನಾಲ್ಕನೆಯವರು ಪ್ರೇಕ್ಷಕರಾಗಿಬಿಡುತ್ತಾರೆ. ಶುರುವಿನಲ್ಲೇ ಪಾಲು ಎಷ್ಟೆಷ್ಟು ಎಂದು ಮಾತಾಡಿಕೊಳ್ಳಿ, ಸಮಪಾಲು ಅಂದರೆ ಜಗಳವಿಲ್ಲ. ಆಮೇಲೆ ಒಬ್ಬರೇ ಪದ ಬದಲಿಸಬಹುದೇ ಎಂಬುದನ್ನೂ ಆಗಲೇ ತೀರ್ಮಾನಿಸಿ, ಹಾಳೆಯ ಮೇಲೆ ತಾರೀಖು, ಹೆಸರು ಹಾಕಿ ಎಲ್ಲರೂ ಫೋಟೊ ತೆಗೆದಿಟ್ಟುಕೊಳ್ಳಿ. ರೆಕಾರ್ಡಿಂಗ್‌ಗಳಿಗೆ ದಿನ, ಮೊದಲ ಸಾಲು, ಶ್ರುತಿ, ವೇಗ ಸೇರಿಸಿ ಹೆಸರಿಡುವುದು ಅಂದಂದೇ ಆಗಬೇಕು. ಹೆಸರಿಲ್ಲದ ನಲವತ್ತು ಫೈಲುಗಳಲ್ಲಿ ಬೇಕಾದ ಒಂದನ್ನು ಹುಡುಕುವ ತಾಳ್ಮೆ ಮನೆಗೆ ಹೋದ ಮೇಲೆ ಯಾರಿಗೂ ಇರುವುದಿಲ್ಲ.