ಹಿಪ್ ರಿಪ್ಲೇಸ್‌ಮೆಂಟ್ ಆದಮೇಲೆ ವ್ಯಾಯಾಮ ಮಾಡುವಾಗ ತೊಡೆಸಂದು ನೋಯುತ್ತಿದ್ದರೆ

ಅವ್ವನಿಗೆ ಬೆಳಗಾವಿಯಲ್ಲಿ ಸೊಂಟದ ಕೀಲು ಬದಲಾಯಿಸಿದರು. ನಮ್ಮ ಮನೆ ಬಾಗಲಕೋಟೆ ನವನಗರದಲ್ಲಿ. ಮೂರು ತಾಸಿನ ಹಾದಿ, ಹಾಗಾಗಿ ಫಿಸಿಯೋಥೆರಪಿಗೆ ಅಂತ ಪದೇ ಪದೇ ಅಲ್ಲಿಗೆ ಓಡಾಡುವುದು ಆಗದ ಮಾತು. ಡಿಸ್ಚಾರ್ಜ್ ದಿನ ಒಂದು ಝೆರಾಕ್ಸ್ ಹಾಳೆ ಕೊಟ್ಟು ಕಳಿಸಿದರು. ಆರು ಚಿತ್ರ, ಕೆಳಗೆ ‘10 ಸಲ, ದಿನಕ್ಕೆ 3 ಬಾರಿ’ ಅಂತ ಒಂದು ಸಾಲು, ಅಷ್ಟೇ. ನಾಲ್ಕನೇ ಚಿತ್ರದಲ್ಲಿ ಅಂಗಾತ ಮಲಗಿ ಕಾಲನ್ನು ಮಡಚದೆ ನೇರವಾಗಿ ಮೇಲೆತ್ತಬೇಕಿತ್ತು. ಅವ್ವ ಎತ್ತಿದಳು. ಹಿಮ್ಮಡಿ ಹಾಸಿಗೆಯಿಂದ ಒಂದು ಗೇಣು ಮೇಲೆ ಬಂದಿರಬಹುದು, ಅಷ್ಟರಲ್ಲಿ ಮುಖ ಕಿವುಚಿ, ತೊಡೆಸಂದಿಗೆ ಅಂಗೈ ಒತ್ತಿಕೊಂಡು “ಇಲ್ಲೇ ನೋಡವಾ, ಒಳಗ ಯಾರೋ ಹಗ್ಗ ಹಿಡದ್ ಜಗ್ಗಿದಂಗ ಆತು” ಅಂದಳು. ಹೊಲಿಗೆ ಇದ್ದದ್ದು ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ. ನೋವು ಮಾತ್ರ ಮುಂದೆ. ನನಗೆ ಕೈಕಾಲೇ ಆಡಲಿಲ್ಲ. ಕೀಲು ಜಾರಿತೇನೋ ಅಂದುಕೊಂಡೆ.

ಕೀಲು ಜಾರಿರಲಿಲ್ಲ. ಫೋನ್ ಮಾಡಿದಾಗ ಡಾಕ್ಟರ್, ಆ ನಾಲ್ಕನೇ ವ್ಯಾಯಾಮ ಸದ್ಯಕ್ಕೆ ಬಿಡಿ, ಉಳಿದದ್ದು ಮಾಡಿಸಿ ಅಂದರು. ಮುಂದಿನ ಎರಡು ತಿಂಗಳು ಅವ್ವನ ಪಕ್ಕದಲ್ಲೇ ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ತೊಡೆಸಂದು ಹಿಡಿದುಕೊಂಡು ವ್ಯಾಯಾಮವೇ ಬೇಡ ಅಂತ ಕೂತಿದ್ದರೆ ಉಪಯೋಗಕ್ಕೆ ಬರಲಿ.

ಮೊದಲು ಆ ಹಗ್ಗ ಏನು ಅಂತ ತಿಳಿದುಕೊಳ್ಳಿ. ಅವ್ವ ಹೇಳಿದ ಮಾತು ಸರಿಯಾಗಿಯೇ ಇತ್ತು. ಬೆನ್ನುಮೂಳೆಯ ಕೆಳಭಾಗದಿಂದ ಮತ್ತು ಸೊಂಟದ ಎಲುಬಿನ ಒಳಗಡೆಯಿಂದ ಒಂದು ದಪ್ಪ ಸ್ನಾಯು ಹೊರಟು, ಕೀಲಿನ ಮುಂಭಾಗವನ್ನು ದಾಟಿಕೊಂಡು ತೊಡೆ ಎಲುಬಿನ ಒಳಮಗ್ಗುಲಿಗೆ ಬಂದು ಅಂಟಿಕೊಳ್ಳುತ್ತದೆ. ಡಾಕ್ಟರುಗಳು ಅದಕ್ಕೆ ಇಲಿಯೋಸೋಆಸ್ ಅನ್ನುತ್ತಾರೆ. ಮೊಣಕಾಲನ್ನು ಹೊಟ್ಟೆಯ ಕಡೆ ತರಬೇಕಾದರೆ, ಹೊಸ್ತಿಲು ದಾಟಲು ಹೆಜ್ಜೆ ಎತ್ತಬೇಕಾದರೆ ಜಗ್ಗುವುದು ಇದೇ ಸ್ನಾಯು. ಕೀಲು ಸವೆದ ವರ್ಷಗಳಲ್ಲಿ ಜನ ನೋವಿಗೆ ಕಾಲನ್ನು ಸ್ವಲ್ಪ ಮಡಚಿಕೊಂಡೇ ಇರುತ್ತಾರೆ, ಅಲ್ವಾ? ಆಗ ಇದು ಮೊಟಕಾಗಿ ಬಿಗಿದುಕೊಂಡಿರುತ್ತದೆ. ಆಪರೇಷನ್‌ನಲ್ಲಿ ಕಾಲು ನೆಟ್ಟಗಾದಾಗ ಇದ್ದಕ್ಕಿದ್ದಂತೆ ಹಿಗ್ಗಬೇಕಾಗುತ್ತದೆ. ಅದಕ್ಕೇ ಗಾಯ ಹಿಂದೆ ಇದ್ದವರಿಗೂ ಮುಂದೆ ನೋಯುವುದು.

ಇದರ ಮೇಲೆ ಬೀಳುವ ಭಾರವನ್ನೂ ಲೆಕ್ಕ ಹಾಕಿ. ಒಂದು ಕಾಲಿನ ತೂಕ ಮೈತೂಕದ ಸುಮಾರು ಆರನೇ ಒಂದು ಪಾಲು. 60 ಕಿಲೋ ಇರುವವರಿಗೆ ಸುಮಾರು 10 ಕಿಲೋ. 10 ಕಿಲೋ ಜೋಳದ ಚೀಲವನ್ನು ಉದ್ದನೆಯ ಕೋಲಿನ ತುದಿಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಎತ್ತಿದಂತೆ ಅದು. ಮಲಗಿ ಕಾಲು ನೇರ ಎತ್ತುವುದು ನೋಡಲು ಸುಲಭ, ಆದರೆ ಹೊಸದಾಗಿ ಆಪರೇಷನ್ ಆದವರಿಗೆ ತೊಡೆಸಂದಿನ ಮಟ್ಟಿಗೆ ಅದೇ ಎಲ್ಲಕ್ಕಿಂತ ಭಾರದ ವ್ಯಾಯಾಮ. ನಿಮ್ಮ ಹಾಳೆಯಲ್ಲೂ ಅದಿದ್ದು, ಮಾಡಿದಾಗ ಚುಳುಕ್ ಅನ್ನುತ್ತಿದ್ದರೆ, ಅದನ್ನು ಮೊದಲು ನಿಲ್ಲಿಸಿ, ಆಮೇಲೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ನಾನು ತಡವಾಗಿ ಅರ್ಥ ಮಾಡಿಕೊಂಡ ವಿಷಯ ಒಂದಿದೆ. ವ್ಯಾಯಾಮದಲ್ಲಿ ಬರುವ ನೋವು ಬಹಳ ಸಲ ವ್ಯಾಯಾಮದಲ್ಲಿ ಹುಟ್ಟಿದ್ದಲ್ಲ. ವ್ಯಾಯಾಮ ದಿನಕ್ಕೆ ಮುಕ್ಕಾಲು ತಾಸು. ಉಳಿದ ಹೊತ್ತಿನಲ್ಲಿ ಅವ್ವ ಎಷ್ಟು ಸಲ ಆ ಕಾಲನ್ನು ಎತ್ತುತ್ತಾಳೆ ಅಂತ ಒಂದು ದಿನ ಎಣಿಸಿದೆ. ಮಂಚ ಹತ್ತುವಾಗ, ಇಳಿಯುವಾಗ, ಬಚ್ಚಲುಮನೆಯ ಕಟ್ಟೆ ದಾಟುವಾಗ, ಹೊಸ್ತಿಲು ದಾಟುವಾಗ, ಮಗ್ಗುಲು ಬದಲಿಸುವಾಗ. ಮಧ್ಯಾಹ್ನದೊಳಗೆ 30 ದಾಟಿತು! ಬೆಳಗಿನಿಂದ ಅಷ್ಟು ದುಡಿದ ಸ್ನಾಯುವನ್ನು ಸಂಜೆ ಮತ್ತೆ ವ್ಯಾಯಾಮಕ್ಕೆ ಕರೆದರೆ ಅದು ಹೂಂ ಅನ್ನುವುದಾದರೂ ಹೇಗೆ? ಆ ಎತ್ತುವಿಕೆಗಳನ್ನು ಕಡಿಮೆ ಮಾಡಿದ ಮೇಲೆಯೇ ನಮಗೆ ಫರಕು ಗೊತ್ತಾಗಿದ್ದು.

ಅದಕ್ಕೆ ಮಾಡಿದ್ದು ಇಷ್ಟು. ಹಳೆಯ ಕಾಟನ್ ಸೀರೆಯನ್ನು ಉದ್ದಕ್ಕೆ ಮಡಚಿ, ತುದಿಯಲ್ಲಿ ಪಾದ ಹಿಡಿಸುವಷ್ಟು ಕುಣಿಕೆ ಹಾಕಿದೆವು. ಕುಣಿಕೆಯನ್ನು ಪಾದಕ್ಕೆ ನಾನೇ ಸಿಕ್ಕಿಸುತ್ತಿದ್ದೆ, ಯಾಕೆಂದರೆ ಅವ್ವ ಮುಂದಕ್ಕೆ ಬಾಗುವ ಹಾಗಿಲ್ಲ. ಆಮೇಲೆ ಮಂಚದ ಮೇಲೆ ಕಾಲು ಇಡುವುದು, ತೆಗೆಯುವುದು ಎಲ್ಲ ಕೈಯ ಬಲದಿಂದ. ಕಾಲು ಸುಮ್ನೆ ಜೊತೆಗೆ ಬರಬೇಕು. ಇಳಕಲ್ ಸೀರೆ ತೆಗೆದುಕೊಳ್ಳಬೇಡಿ, ರೇಷ್ಮೆ ಜಾರುತ್ತದೆ, ನಮಗೆ ಮೊದಲ ದಿನ ಹಾಗೇ ಆಯಿತು. ಸೀರೆ ಕೈಗೆ ಸಿಗದಿದ್ದಾಗ ಮನೆಯವರು ಒಂದು ಕೈ ಮೊಣಕಾಲಿನ ಕೆಳಗೆ, ಇನ್ನೊಂದು ಕೈ ಹಿಮ್ಮಡಿಯ ಕೆಳಗೆ ಕೊಟ್ಟು ಎತ್ತಬೇಕು. ಬರೀ ಪಾದ ಹಿಡಿದು ಎಳೆಯಬಾರದು.

ಹೊರಸಿನ ಮೇಲೆ ಮಲಗಿಸಬೇಡಿ. ನಮ್ಮ ಕಡೆ ಹಿರಿಯರಿಗೆ ಹೊರಸೇ ಇಷ್ಟ, ಆದರೆ ಅದು ತಗ್ಗು, ಮಧ್ಯದಲ್ಲಿ ಜೋಲುತ್ತದೆ, ಎದ್ದೇಳುವಾಗ ಎಲ್ಲ ಭಾರ ತೊಡೆಸಂದಿಗೆ ಬೀಳುತ್ತದೆ. ಗಟ್ಟಿ ಮಂಚ, ಬೇಕಾದರೆ ಎರಡು ಗಾದಿ. ಕುರ್ಚಿಯೂ ಎತ್ತರ ಇರಲಿ, ಕೂತಾಗ ಮೊಣಕಾಲು ಸೊಂಟಕ್ಕಿಂತ ತಗ್ಗಿನಲ್ಲಿರಬೇಕು, ಕೈ ಇಡಲು ಹಿಡಿಕೆ ಇರಬೇಕು. ಏಳುವಾಗ ಆಪರೇಷನ್ ಆದ ಕಾಲನ್ನು ಮುಂದಕ್ಕೆ ಚಾಚಿ, ಹಿಡಿಕೆ ಒತ್ತಿ ಏಳಲಿ. ಮಣೆ ಮೇಲೆ ಕೂತು ಊಟ, ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು, ತಗ್ಗಿನ ಸಂಡಾಸ, ಇವೆಲ್ಲ ಸದ್ಯಕ್ಕೆ ಇಲ್ಲ. ಕಮೋಡ್ ಬೇಕೇ ಬೇಕು. ಟಂಟಂ ಮತ್ತು ಬಸ್ಸಿನ ಮೆಟ್ಟಿಲು ಎತ್ತರ, ಮೊದಲ ವಾರಗಳಲ್ಲಿ ಅವುಗಳ ಸಹವಾಸ ಬೇಡ. ಕಾರಿನಲ್ಲಿ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನು ಒರಗಿಸಿ, ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಸಿ. ಮೊದಲು ಕೂತುಕೊಂಡು, ಆಮೇಲೆ ಎರಡೂ ಕಾಲುಗಳನ್ನು ಕೂಡಿಸಿ ನಿಧಾನಕ್ಕೆ ಒಳಗೆ ತಿರುಗಿಸುವುದು.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಕೋಲು ಹಿಡಿಯುವ ಹಂತಕ್ಕೆ ಬಂದಮೇಲೆ ಅದು ಎದುರು ಕೈಯಲ್ಲಿರಬೇಕು: ಬಲಗಾಲಿಗೆ ಆಪರೇಷನ್ ಆಗಿದ್ದರೆ ಎಡಗೈಯಲ್ಲಿ ಕೋಲು. ನೋವಿರುವ ಕಡೆಯೇ ಕೋಲು ಹಿಡಿಯುವವರನ್ನು ಬಹಳ ನೋಡಿದ್ದೇನೆ.

ಇನ್ನು ವ್ಯಾಯಾಮ. ಬೆಳಗಾವಿಯ ಚಳಿಯಿರಲಿ, ನಮ್ಮ ಸೆಕೆಯಿರಲಿ, ಹಾಸಿಗೆಯಿಂದ ಎದ್ದ ಕೂಡಲೇ ಶುರು ಮಾಡಬೇಡಿ. ಮನೆಯೊಳಗೆ ವಾಕರ್ ಹಿಡಿದು ಐದು ನಿಮಿಷ ಅಡ್ಡಾಡಿದ ಮೇಲೆ ಮಲಗಲಿ. ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆಯಿದ್ದರೆ ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ತಾಸು ಮೊದಲು ಕೊಡಿ. ನೀವಾಗಿಯೇ ಮೆಡಿಕಲ್ ಶಾಪಿನಿಂದ ಡಿಕ್ಲೋಫೆನಾಕ್, ಐಬುಪ್ರೊಫೆನ್ ತಂದು ಸೇರಿಸಬೇಡಿ. ಆಪರೇಷನ್ ಆದವರು ರಕ್ತ ಹೆಪ್ಪುಗಟ್ಟದಂತೆ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ, ಎರಡೂ ಕೂಡಿದರೆ ರಕ್ತಸ್ರಾವದ ಅಪಾಯ ಜಾಸ್ತಿ.

ತೊಡೆಸಂದಿಗೆ ಭಾರ ಬೀಳದ ವ್ಯಾಯಾಮಗಳಿಂದ ಶುರು ಮಾಡಿ. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮೊಣಕಾಲನ್ನು ಹಾಸಿಗೆಗೆ ಒತ್ತಿ ಐದು ಎಣಿಸುವುದು, ಪಿರ್ರೆಗಳನ್ನು ಬಿಗಿಹಿಡಿದು ಬಿಡುವುದು. ಇವುಗಳಲ್ಲಿ ಸಾಮಾನ್ಯವಾಗಿ ನೋವಿಲ್ಲ, ಹತ್ತು ಹತ್ತು ಮಾಡಿ ಮುಂದೆ ಹೋಗಿ.

ಹಿಮ್ಮಡಿ ಜಾರಿಸುವುದು ಆಮೇಲೆ. ನಮಗೆ ಇಲ್ಲಿಯೇ ಕೆಲಸ ಕೆಟ್ಟಿತ್ತು, ಸರಿಯಾದದ್ದೂ ಇಲ್ಲಿಯೇ. ಅವ್ವ ಹಿಮ್ಮಡಿಯನ್ನು ಎತ್ತಿ ಎತ್ತಿ ಇಡುತ್ತಿದ್ದಳು, ಜಾರಿಸುತ್ತಿರಲಿಲ್ಲ, ಯಾಕೆಂದರೆ ಕಾಟನ್ ಚಾದರದ ಮೇಲೆ ಹಿಮ್ಮಡಿ ಜಾರುವುದಿಲ್ಲ. ಕಾಲಿಗೆ ಸಾಕ್ಸ್ ಹಾಕಿ, ಹಿಮ್ಮಡಿಯ ಕೆಳಗೆ ಬಟ್ಟೆ ಅಂಗಡಿಯ ನುಣುಪಾದ ಪ್ಲಾಸ್ಟಿಕ್ ಚೀಲ ಹಾಸಿದೆ. ಹಿಮ್ಮಡಿ ಹಾಸಿಗೆ ಬಿಡದೆ, ಉಸಿರು ಬಿಡುತ್ತಾ, ಪಾದದ ಕುಣಿಕೆಯನ್ನು ಕೈಯಿಂದ ನಿಧಾನಕ್ಕೆ ಎಳೆದುಕೊಳ್ಳುತ್ತಾ ಮೊಣಕಾಲು ಮಡಚುವುದು. ಮೊಣಕಾಲು, ಕಾಲ್ಬೆರಳು ಎರಡೂ ಛಾವಣಿ ನೋಡುತ್ತಿರಬೇಕು. ಹಿಂಬದಿಯಿಂದ ಆಪರೇಷನ್ ಆಗಿದ್ದರೆ ಸೊಂಟ 90 ಡಿಗ್ರಿಗಿಂತ ಜಾಸ್ತಿ ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಬಾರದು. ಮೊದಲ ವಾರ ನೋವು ಶುರುವಾಗುವ ಜಾಗಕ್ಕಿಂತ ಎರಡು ಬೆರಳು ಮೊದಲೇ ನಿಲ್ಲಿಸಿದೆವು. ನೋವು ಬರಲೇಬೇಕು ಅಂತ ತಳ್ಳಲಿಲ್ಲ. ನಾಲ್ಕು ದಿನದಲ್ಲಿ ಆ ಜಾಗವೇ ತಾನಾಗಿ ಮುಂದಕ್ಕೆ ಹೋಯಿತು.

ಹತ್ತು ಸಲ ಅಂತ ಬರೆದಿದ್ದರೆ ಒಂದೇ ಉಸಿರಿಗೆ ಹತ್ತು ಮಾಡಬೇಕಿಲ್ಲ. ಐದು ಮಾಡಿ, ಎರಡು ನಿಮಿಷ ಮಾತಾಡಿ, ಮತ್ತೆ ಐದು ಮಾಡಿ.

ನಿಂತು ಮಾಡುವ ವ್ಯಾಯಾಮಕ್ಕೆ ಅಡುಗೆ ಕಟ್ಟೆ ಹಿಡಿದುಕೊಳ್ಳಲಿ. ಮೊಣಕಾಲು ಎತ್ತುವುದು ಮೊದಲು ಒಂದು ಗೇಣು ಸಾಕು. ಕಾಲನ್ನು ಪಕ್ಕಕ್ಕೆ ಒಯ್ಯುವಾಗ ಬೆರಳು ಮುಂದಕ್ಕೇ ಇರಬೇಕು. ಬೆರಳು ಹೊರಗೆ ತಿರುಗಿದರೆ ಆ ಕೆಲಸವನ್ನು ಮತ್ತೆ ಇದೇ ಮುಂದಿನ ಸ್ನಾಯು ಎಳೆದುಕೊಳ್ಳುತ್ತದೆ, ಪಕ್ಕದ ಸ್ನಾಯುವಿಗೆ ಕೆಲಸವೇ ಆಗುವುದಿಲ್ಲ.

ಬಿಗಿದ ಹಗ್ಗವನ್ನು ಸಡಿಲ ಮಾಡಲು ನಮಗೆ ಸಹಾಯವಾಗಿದ್ದು ಸುಮ್ನೆ ಮಲಗುವುದು. ದಿನಕ್ಕೆ ಎರಡು ಸಲ, 10-15 ನಿಮಿಷ, ಚಪ್ಪಟೆಯಾಗಿ ಅಂಗಾತ, ಕಾಲು ನೀಡಿಕೊಂಡು. ಮೊಣಕಾಲಿನ ಕೆಳಗೆ ತಲೆದಿಂಬು ಇಟ್ಟರೆ ಹಿತವೆನಿಸುತ್ತದೆ, ನಾವೂ ಪ್ರೀತಿಯಿಂದ ಇಟ್ಟಿದ್ದೆವು. ಆದರೆ ಹಗಲೂರಾತ್ರಿ ಹಾಗೆ ಮಡಚಿಕೊಂಡೇ ಇದ್ದರೆ ತೊಡೆಸಂದು ಇನ್ನಷ್ಟು ಬಿಗಿಯುತ್ತದೆ. ಆ ದಿಂಬು ತೆಗೆಯಿರಿ. ತಾಸುಗಟ್ಟಲೆ ಕುರ್ಚಿಯಲ್ಲಿ ಕೂರುವುದೂ ಅಷ್ಟೇ, ಅರ್ಧ ಮುಕ್ಕಾಲು ತಾಸಿಗೊಮ್ಮೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ. ಮುಂಬದಿಯಿಂದ ಆಪರೇಷನ್ ಆದವರು ಮಾತ್ರ ಕಾಲನ್ನು ಹಿಂದಕ್ಕೆ ಎಳೆಯುವ ಯಾವ ವ್ಯಾಯಾಮವನ್ನೂ ಕೇಳದೆ ಮಾಡಬಾರದು.

ನೋವು ಎಷ್ಟು ಅಂತ ಅಳೆಯುವುದು ಹೇಗೆ? ಫಿಸಿಯೋ ‘10ರಲ್ಲಿ ಎಷ್ಟು’ ಅಂತ ಕೇಳಿದಾಗ ಅವ್ವ ಸುಮ್ಮನೆ ಮುಖ ನೋಡುತ್ತಿದ್ದಳು. ಆಣೆ ಲೆಕ್ಕದಲ್ಲಿ ಕೇಳಿದೆ, ತಕ್ಷಣ ಉತ್ತರ ಬಂತು: “ನಾಲ್ಕಾಣೆ ಐತಿ.” ಅಲ್ಲಿಂದ ನಮ್ಮ ಮನೆಯಲ್ಲಿ ಹದಿನಾರಾಣೆಯ ಲೆಕ್ಕವೇ ನಡೆಯಿತು. ನಾಲ್ಕಾಣೆಯವರೆಗೆ ಇದ್ದರೆ ಮುಂದುವರಿಸುವುದು. ಎಂಟಾಣೆಗೆ ಬಂದರೆ ಎತ್ತರ, ಎಣಿಕೆ ಎರಡೂ ಅರ್ಧಕ್ಕೆ ಇಳಿಸುವುದು. ಅದಕ್ಕಿಂತ ಮೇಲೆ ಹೋದರೆ ಅವತ್ತಿಗೆ ಆ ವ್ಯಾಯಾಮ ನಿಲ್ಲಿಸುವುದು. ಮರುದಿನ ಬೆಳಗ್ಗೆ ಮತ್ತೆ ಕೇಳಬೇಕು. ರಾತ್ರಿ ಕಳೆದರೂ ನೋವು ಇಳಿದಿಲ್ಲ ಅಂದರೆ ಹಿಂದಿನ ದಿನ ಜಾಸ್ತಿ ಆಗಿದೆ ಅಂತ ಅರ್ಥ. ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮನೆಯಲ್ಲೇ ಬರೆದಿಡಿ, ಡಾಕ್ಟರಿಗೆ ತೋರಿಸಲು ಬರುತ್ತದೆ.

ವ್ಯಾಯಾಮ ಆದಮೇಲೆ ಐಸ್. ಬಟ್ಟೆಯಲ್ಲಿ ಸುತ್ತಿ 15 ನಿಮಿಷ, ಗಾಯದ ಮೇಲೆ ಒದ್ದೆ ಆಗದಂತೆ. ತೊಡೆಸಂದಿನ ಚರ್ಮ ತೆಳು, ನೇರವಾಗಿ ಇಡಬೇಡಿ. ಜೋಮು ಹಿಡಿದ ಜಾಗವಿದ್ದರೆ ಇನ್ನೂ ಎಚ್ಚರ.

ಎಣ್ಣೆ ತಿಕ್ಕುವ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ನೋಡಲು ಬಂದವರೆಲ್ಲ ಎಣ್ಣೆ ಕಾಯಿಸಿ ತಿಕ್ಕಿ, ಶಾಖ ಕೊಡಿ, ಎಲುಬು ನೋಡುವವರ ಹತ್ತಿರ ಒಮ್ಮೆ ಕಾಲು ಜಗ್ಗಿಸಿ ಅಂತ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ಕೇಳಬೇಡಿ. ಜಗ್ಗಿದರೆ ಹೊಸ ಕೀಲು ತಪ್ಪಬಹುದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಜೀವಕ್ಕೇ ಅಪಾಯ.

ಮನೆಯಲ್ಲಿ ಸರಿ ಮಾಡಲಾಗದ ನೋವು ಬೇರೆಯೇ ಇರುತ್ತದೆ. ಒಮ್ಮೆಲೇ ಕಟಕ್ ಅಂದು ಕಾಲು ಗಿಡ್ಡವಾಗಿ ಕಂಡರೆ, ಪಾದ ತಿರುಗಿಕೊಂಡರೆ, ಕಾಲಿಗೆ ಭಾರ ಹಾಕಲೇ ಆಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಕಾಲನ್ನು ನೆಟ್ಟಗೆ ಮಾಡಲು ನೀವು ಕೈ ಹಾಕಬೇಡಿ. ಮೀನಖಂಡ ಊದಿ ನೋಯುತ್ತಿದ್ದರೆ, ಜ್ವರ ಬಂದರೆ, ಗಾಯ ಕೆಂಪಾಗಿ ಸೋರುತ್ತಿದ್ದರೆ ಆಗಲೂ ತಡ ಬೇಡ. ಉಸಿರು ಕಟ್ಟಿದಂತಾದರೆ ಅಥವಾ ಎದೆ ನೋವು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ನಿಧಾನವಾಗಿ ಬರುವ ಕಾರಣಗಳೂ ಇವೆ. ಕೃತಕ ಕೀಲಿನ ಬಟ್ಟಲಿನ ಅಂಚು ಮುಂದೆ ಚಾಚಿಕೊಂಡು ಆ ಸ್ನಾಯುವಿನ ನಾರಿಗೆ ಉಜ್ಜುತ್ತಿರಬಹುದು. ಅಂಥವರಿಗೆ ಮೂರು ತಿಂಗಳಾದರೂ ಮೆಟ್ಟಿಲು ಹತ್ತುವಾಗ, ಕಾರಿನಿಂದ ಕಾಲು ತೆಗೆಯುವಾಗ ಅದೇ ಜಾಗದಲ್ಲಿ ಚುಚ್ಚುತ್ತದೆ. ಎಷ್ಟೋ ತಿಂಗಳು ಚೆನ್ನಾಗಿದ್ದು ಆಮೇಲೆ ಹೊಸದಾಗಿ ನೋವು ಶುರುವಾದರೆ, ಅದರಲ್ಲೂ ಕೂತು ಎದ್ದ ಮೊದಲ ಹೆಜ್ಜೆಗಳಲ್ಲಿ, ಕೀಲು ಸಡಿಲಾಗಿದೆಯೇ ಅಥವಾ ಒಳಗೆ ಸೋಂಕು ಇದೆಯೇ ಅಂತ ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ. ಕೆಮ್ಮಿದಾಗ ತೊಡೆಸಂದಿನಲ್ಲಿ ಗಂಟು ಉಬ್ಬಿದರೆ ಅದು ಹರ್ನಿಯಾ ಇರಬಹುದು. ಬೆನ್ನಿನ ನರದ ನೋವೂ ಅಲ್ಲಿಗೆ ಬರುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಆಪರೇಷನ್ ಆದ ದಿನದ ಎಕ್ಸ್‌ರೇ, ಡಿಸ್ಚಾರ್ಜ್ ಕಾಗದ, ಆ ಕ್ಯಾಲೆಂಡರ್ ಮೂರನ್ನೂ ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಯಾವ ಚಲನೆಯಲ್ಲಿ ನೋಯುತ್ತದೆ ಅನ್ನುವುದನ್ನು ಬಾಯಲ್ಲಿ ಹೇಳುವ ಬದಲು ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ ಮಾಡಿಕೊಂಡು ಹೋಗಿ ತೋರಿಸಿ.