ಕ್ರ್ಯಾಶ್ ಡಂಪ್‌ಗಾಗಿ 4 ಜಿಬಿಯ ಕೆಳಗೆ ಮೆಮೊರಿ ಕಾದಿರಿಸಿದ ಅನುಭವ

ಲಿನಕ್ಸ್ ಸರ್ವರೊಂದು ಪ್ಯಾನಿಕ್ ಆದಾಗ, ಅಂದರೆ ಸರಿಪಡಿಸಲಾಗದ ದೋಷದಿಂದ ಕುಸಿದಾಗ, ಅದರ ಮೆಮೊರಿಯಲ್ಲಿ ಏನಿತ್ತು ಎಂಬುದನ್ನು ಡಂಪ್ ಎಂಬ ಕಡತವಾಗಿ ಉಳಿಸಿಕೊಡುವ ವ್ಯವಸ್ಥೆ ಕೆಡಂಪ್. 2005ರಲ್ಲಿ ಬಿಡುಗಡೆಯಾದ 2.6.13 ಆವೃತ್ತಿಯಲ್ಲಿ ಅದು ಲಿನಕ್ಸ್‌ನ ತಿರುಳಾದ ಮುಖ್ಯ ಕರ್ನಲ್‌ಗೆ ಸೇರಿತು. ಅದನ್ನು ಕಟ್ಟಿದವರಲ್ಲಿ ಐಬಿಎಂ ಸಂಸ್ಥೆಯ ಭಾರತದ ಎಂಜಿನಿಯರುಗಳೂ ಇದ್ದರು. ಬೂಟ್ ಆಗುವಾಗಲೇ ಮೆಮೊರಿಯ ಒಂದು ಭಾಗವನ್ನು ಬದಿಗಿರಿಸಿ, ಅದರಲ್ಲಿ ಎರಡನೆಯ ಕರ್ನಲ್ ಒಂದನ್ನು ಸಿದ್ಧವಾಗಿಟ್ಟಿರುತ್ತಾರೆ. ಮೊದಲನೆಯದು ಕುಸಿದೊಡನೆ, ಬಯಾಸ್‌ಗೆ ಹೋಗದೆ, ನೇರವಾಗಿ ಎರಡನೆಯದು ಏಳುತ್ತದೆ; ಹಳೆಯ ಮೆಮೊರಿಯೆಲ್ಲ ಅದಕ್ಕೆ /ಪ್ರೋಕ್/ವಿಎಂಕೋರ್ ಎಂಬ ಕಡತವಾಗಿ ಕಾಣುತ್ತದೆ. ಮೊದಲ ಕರ್ನಲ್ ಸತ್ತ ಮೇಲೂ ನೆಟ್‌ವರ್ಕ್ ಕಾರ್ಡು, ಡಿಸ್ಕ್ ಕಂಟ್ರೋಲರ್‌ಗಳು ತಮಗೆ ಹಿಂದೆ ಕೊಟ್ಟಿದ್ದ ವಿಳಾಸಗಳಿಗೆ ಡಿಎಂಎ ಮೂಲಕ, ಅಂದರೆ ಸಿಪಿಯುವಿನ ನೆರವಿಲ್ಲದೆ ನೇರವಾಗಿ, ಬರೆಯುತ್ತಲೇ ಇರಬಹುದಾದ್ದರಿಂದ, ಯಾವ ಸಾಧನಕ್ಕೂ ಎಂದೂ ಕೊಡದ ಜಾಗವನ್ನು ಮೊದಲೇ ಕಾದಿರಿಸುವುದು ಅನಿವಾರ್ಯ.

ನನ್ನ ಹೊಣೆಗೆ ಬಂದ ಸರ್ವರುಗಳಲ್ಲಿ ಮೆಮೊರಿ ಧಾರಾಳವಾಗಿತ್ತು, ಆದರೆ ಡಂಪ್ ಮಾತ್ರ ಸಿಗುತ್ತಿರಲಿಲ್ಲ. ಬೂಟ್ ಸಾಲಿನಲ್ಲಿ ಎರಡು ಆಯ್ಕೆಗಳು ಮೊದಲಿನಿಂದಲೂ ಇದ್ದವು: ಕ್ರ್ಯಾಶ್‌ಕರ್ನಲ್=512ಎಂ,ಹೈ ಮತ್ತು ಕ್ರ್ಯಾಶ್‌ಕರ್ನಲ್=0,ಲೋ. ಮೊದಲನೆಯದು ಮೆಮೊರಿಯ ತುದಿಯಿಂದ, ಅಂದರೆ ಇಂಥ ಯಂತ್ರಗಳಲ್ಲಿ 4 ಜಿಬಿಗಿಂತ ಮೇಲೆ, 512 ಎಂಬಿ ತೆಗೆದಿಡುತ್ತದೆ. ಎರಡನೆಯದು 4 ಜಿಬಿಯ ಕೆಳಗೆ ಏನನ್ನೂ ಇಡಬೇಡ ಎಂದು ಹೇಳುತ್ತದೆ. ಕೆಳಗಿನ ಮೆಮೊರಿ ಅಮೂಲ್ಯ, ಅದನ್ನು ವ್ಯರ್ಥ ಮಾಡಬಾರದು ಎಂಬ ಕಾಳಜಿಯಿಂದಲೇ ಹಿಂದಿನವರು ಹಾಗೆ ಬರೆದಿರಬೇಕು. ಪಿಸಿ ಮಾದರಿಯ ಯಂತ್ರಗಳಲ್ಲಿ ಆ ವಲಯದ ಒಂದು ಭಾಗವನ್ನು ಪಿಸಿಐ ಸಾಧನಗಳ ವಿಳಾಸಗಳೇ ನುಂಗುವುದರಿಂದ ಆ ಕಾಳಜಿಯನ್ನು ತಳ್ಳಿಹಾಕುವಂತಿಲ್ಲ.

ಸೀರಿಯಲ್ ಕನ್ಸೋಲ್ ಜೋಡಿಸಿ, ಕರ್ನಲ್‌ಗೆ ನೇರ ಆಜ್ಞೆ ಕೊಡುವ ಸಿಸ್‌ರಿಕ್ಯೂ ಟ್ರಿಗರ್ ಕಡತಕ್ಕೆ ‘ಸಿ’ ಅಕ್ಷರ ಬರೆದು ಯಂತ್ರವನ್ನು ಬೇಕೆಂದೇ ಕೆಡವಿದಾಗ ಕಾರಣ ಸ್ಪಷ್ಟವಾಯಿತು. ಎರಡನೆಯ ಕರ್ನಲ್ ಸರಿಯಾಗಿಯೇ ಎದ್ದಿತು. ಆದರೆ ಡಿಸ್ಕ್‌ನ ಡ್ರೈವರ್ ತನ್ನ ಬಫರುಗಳಿಗೆ ಜಾಗ ಸಿಗದೆ ಅಲ್ಲಿಯೇ ಸೋತಿತು. ಆ ಕಂಟ್ರೋಲರ್ 32 ಬಿಟ್ ವಿಳಾಸಗಳನ್ನಷ್ಟೇ ಬಲ್ಲದು, 4 ಜಿಬಿಯ ಆಚೆಗಿನ ಮೆಮೊರಿಯನ್ನು ಅದು ಮುಟ್ಟಲಾರದು. ಇಂಥ ಸಾಧನಗಳಿಗಾಗಿ ಕರ್ನಲ್ ಸ್ವಿಓಟಿಎಲ್‌ಬಿ ಎಂಬ ಬೌನ್ಸ್ ಬಫರನ್ನು ಕೆಳಗಿನ ಮೆಮೊರಿಯಲ್ಲಿ ಇಟ್ಟುಕೊಂಡು, ದತ್ತಾಂಶವನ್ನು ಅದರ ಮೂಲಕ ಮೇಲಕ್ಕೂ ಕೆಳಕ್ಕೂ ನಕಲು ಮಾಡುತ್ತದೆ. ಅದರ ಸಾಮಾನ್ಯ ಗಾತ್ರ 64 ಎಂಬಿ. ಎರಡನೆಯ ಕರ್ನಲ್‌ಗೆ ಕೆಳಗೆ ಜಾಗವೇ ಇಲ್ಲದಿದ್ದರೆ ಈ ಬಫರೂ ಇಲ್ಲ. ಮೇಲೆ 512 ಎಂಬಿ ಬದಲು 5 ಜಿಬಿ ಕೊಟ್ಟಿದ್ದರೂ ಫಲಿತಾಂಶ ಅದೇ ಆಗಿರುತ್ತಿತ್ತು.

ಹಾಗಾದರೆ ಕೆಳಗೆ ಎಷ್ಟು ಬೇಕು? ಕರ್ನಲ್‌ನ ಇತಿಹಾಸವೇ ಇಲ್ಲಿ ಒಳ್ಳೆಯ ಪಾಠ. 2013ರಲ್ಲಿ 3.9 ಆವೃತ್ತಿಯೊಂದಿಗೆ ‘ಹೈ’ ಮತ್ತು ‘ಲೋ’ ಆಯ್ಕೆಗಳು ಬಂದಾಗ, ಬಳಕೆದಾರ ಏನೂ ಹೇಳದಿದ್ದರೆ ಕೆಳಗೆ 72 ಎಂಬಿ ಇಡುವ ಕ್ರಮವಿತ್ತು: ಬೌನ್ಸ್ ಬಫರಿಗೆ 64, ಉಳಿದದ್ದಕ್ಕೆ 8. ಸಾಧನಗಳು ಹೆಚ್ಚಿರುವ ಯಂತ್ರಗಳಲ್ಲಿ ಅದು ಸಾಲದೆ ಡ್ರೈವರುಗಳು ಸೋತು ಡಂಪ್ ಕೈತಪ್ಪುತ್ತಿದ್ದುದರಿಂದ, 2015ರಲ್ಲಿ ಇಂಟೆಲ್, ಎಎಂಡಿ ಸಿಪಿಯುಗಳ ಎಕ್ಸ್86-64ರಲ್ಲಿ ಅದನ್ನು ಕನಿಷ್ಠ 256 ಎಂಬಿಗೆ ಏರಿಸಿದರು. ಆರ್ಮ್ ಸಿಪಿಯುಗಳ ಆರ್ಮ್64ರಲ್ಲಿ ಈ ಆಯ್ಕೆಗಳು 2022ರಲ್ಲಷ್ಟೇ ಬಂದವು; ಅಲ್ಲಿ ಆರಂಭದ ಅಂಕಿ 128 ಎಂಬಿ. ಈ ಅಂಕಿಗಳಾವುವೂ ಯಂತ್ರದ ಒಟ್ಟು ಮೆಮೊರಿಯಿಂದ ಹುಟ್ಟಿದವಲ್ಲ. ಎರಡನೆಯ ಕರ್ನಲ್ ಎಬ್ಬಿಸಬೇಕಾದ ಸಾಧನಗಳಿಂದ ಹುಟ್ಟಿದವು. ಮೆಮೊರಿಯ ಶೇಕಡಾವಾರು ಲೆಕ್ಕ ಹಾಕಿ ‘ಲೋ’ ಭಾಗವನ್ನು ತುಂಬುವ ರೂಢಿಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಮೊದಲು ‘0,ಲೋ’ ತೆಗೆದುಹಾಕಿ, ಕರ್ನಲ್ ತಾನಾಗಿ ಇಡುವ 256 ಎಂಬಿಯನ್ನು ಉಳಿಸಿಕೊಂಡು ಬೂಟ್ ಮಾಡಿದೆ. ಮೆಮೊರಿ ವಿಳಾಸಗಳ ಹಂಚಿಕೆ ತೋರಿಸುವ /ಪ್ರೋಕ್/ಐಓಮೆಮ್‌ನಲ್ಲಿ ‘ಕ್ರ್ಯಾಶ್ ಕರ್ನಲ್’ ಎಂಬ ಎರಡು ಸಾಲುಗಳು ಕಾಣಬೇಕು, ಒಂದು 4 ಜಿಬಿಯ ಕೆಳಗೆ, ಇನ್ನೊಂದು ಮೇಲೆ. ರೂಟ್ ಆಗಿ ನೋಡದಿದ್ದರೆ ವಿಳಾಸಗಳೆಲ್ಲ ಸೊನ್ನೆಯಾಗಿ ಕಾಣುತ್ತವೆ. ಬಳಿಕ ಯಂತ್ರವನ್ನು ಮತ್ತೆ ಕೆಡವಿ, ಡಂಪ್ ಬರೆಯುವ ಮುನ್ನ ಎರಡನೆಯ ಕರ್ನಲ್‌ನ ಶೆಲ್‌ನಲ್ಲಿ ನಿಂತು, ಖಾಲಿ ಮೆಮೊರಿ ತೋರಿಸುವ /ಪ್ರೋಕ್/ಬಡ್ಡಿಇನ್ಫೋದಲ್ಲಿ, 4 ಜಿಬಿಯ ಕೆಳಗಿನ ಡಿಎಂಎ32 ವಲಯದಲ್ಲಿ ಎಷ್ಟು ಉಳಿದಿದೆ ಎಂದು ನೋಡಿದೆ. ಡಂಪ್ ಬರೆಯುತ್ತಿರುವಾಗ ಕರ್ನಲ್‌ನ ಒಳಸ್ಥಿತಿ ತೋರಿಸುವ ಡಿಬಗ್ಎಫ್‌ಎಸ್‌ನಲ್ಲಿ ಸ್ವಿಓಟಿಎಲ್‌ಬಿಯ ಎಷ್ಟು ಸ್ಲಾಟುಗಳು ಬಳಕೆಯಲ್ಲಿವೆ ಎಂದು ಗಮನಿಸಿದೆ. ಒಂದು ಸ್ಲಾಟ್ 2 ಕೆಬಿ, ಹಾಗಾಗಿ 64 ಎಂಬಿಗೆ 32,768 ಸ್ಲಾಟುಗಳು. ಈ ಅಳತೆಯನ್ನು ಓಡುತ್ತಿರುವ ಮೊದಲ ಕರ್ನಲ್‌ನಲ್ಲಿ ಮಾಡಿ ಪ್ರಯೋಜನವಿಲ್ಲ: ಅಲ್ಲಿ ಸಿಪಿಯುಗಳು ಹಲವು, ಇಲ್ಲಿ ಸಾಮಾನ್ಯವಾಗಿ ಒಂದೇ, ಅಲ್ಲಿ ಡ್ರೈವರುಗಳ ಕೆಲಸದ ಸರದಿಗಳೂ (ಕ್ಯೂ) ಹೆಚ್ಚು. ಹಳೆಯ ಕಂಟ್ರೋಲರ್ ಇರುವ ಯಂತ್ರಗಳಲ್ಲಿ 256 ಎಂಬಿಯನ್ನು ಹಾಗೆಯೇ ಬಿಟ್ಟೆ. ಡಂಪ್‌ನ ದಾರಿಯಲ್ಲಿರುವ ಸಾಧನಗಳೆಲ್ಲವೂ 64 ಬಿಟ್ ಡಿಎಂಎ ಬಲ್ಲವು ಎಂದು ಖಚಿತವಾದ ಯಂತ್ರಗಳಲ್ಲಿ ಮಾತ್ರ ‘128ಎಂ,ಲೋ’ ಎಂದು ಇಳಿಸಿದೆ. ಸೊನ್ನೆಗೆ ಎಲ್ಲಿಯೂ ಇಳಿಸಲಿಲ್ಲ. ಮುಂದೆ ಯಾರೋ ಬೇರೆ ಕಾರ್ಡು ಹಾಕಿದ ದಿನ ಡಂಪ್ ಸದ್ದಿಲ್ಲದೆ ತಪ್ಪಿಹೋಗುವುದು ನನಗೆ ಒಪ್ಪಿಗೆಯಾಗದ ಮಾತು.

‘ಕೆಳಗಿನ ಮೆಮೊರಿ’ ಎಂದಾಗ ಮೊದಲ 1 ಎಂಬಿಯ ವಿಷಯವೂ ಬರುತ್ತದೆ. ಎಕ್ಸ್86 ಕರ್ನಲ್ ಏಳುವಾಗ ಅದಕ್ಕೆ ಅತಿ ಕೆಳಗಿನ ಜಾಗ ಬೇಕೇಬೇಕು. ಹಿಂದೆ ಮೊದಲ 640 ಕೆಬಿಯನ್ನು ಬೇರೆಡೆಗೆ ನಕಲು ಮಾಡಿ ಕಾಪಾಡುತ್ತಿದ್ದರು. ಮೆಮೊರಿಯೇ ಗೂಢಲಿಪಿಯಲ್ಲಿರುವ ಎಎಂಡಿ ಯಂತ್ರಗಳಲ್ಲಿ ಆ ನಕಲು ಕೆಡುತ್ತಿದ್ದುದರಿಂದ, 5.5 ಆವೃತ್ತಿಯಿಂದ ಕ್ರ್ಯಾಶ್‌ಕರ್ನಲ್ ಆಯ್ಕೆ ಇದ್ದರೆ ಕೆಳಗಿನ 1 ಎಂಬಿಯನ್ನೇ ಬದಿಗಿಡುತ್ತಾರೆ. ಇದಕ್ಕಾಗಿ ನಾವು ಏನನ್ನೂ ಬರೆಯಬೇಕಿಲ್ಲ.

ಮೇಲಿನ 512 ಎಂಬಿಯ ಮಟ್ಟಿಗೆ ಹೆಚ್ಚಿನ ಪಾಲು ತಿನ್ನುವುದು, ಬೂಟ್ ಆಗುವಾಗ ಮೆಮೊರಿಗೆ ಬರುವ ತಾತ್ಕಾಲಿಕ ಕಡತ ವ್ಯವಸ್ಥೆಯಾದ ಇನಿಟ್‌ರ‍್ಯಾಮ್‌ಎಫ್‌ಎಸ್. ಡಂಪ್‌ಗೆ ಬೇಕಾದ ಡ್ರೈವರುಗಳನ್ನಷ್ಟೇ ಅದರಲ್ಲಿ ಇರಿಸಿ, ಡಂಪನ್ನು ಸೋಸಿ ಬರೆಯುವ ಮೇಕ್‌ಡಂಪ್‌ಫೈಲ್‌ಗೆ ‘-ಡಿ 31’ ಕೊಟ್ಟು ಸೊನ್ನೆ ಪುಟ, ಕ್ಯಾಶ್, ಬಳಕೆದಾರರ ಪುಟ ಮತ್ತು ಖಾಲಿ ಪುಟಗಳನ್ನು ಬಿಡಿಸಿದರೆ ಕಡತ ಬಹಳ ಕಿರಿದಾಗುತ್ತದೆ. ಕಾದಿರಿಸಿದ್ದು ಹೆಚ್ಚಾಯಿತೆನಿಸಿದರೆ, ಲೋಡ್ ಆಗಿರುವ ಎರಡನೆಯ ಕರ್ನಲನ್ನು ಇಳಿಸಿ, /ಸಿಸ್/ಕರ್ನಲ್/ಕೆಎಕ್ಸೆಕ್_ಕ್ರ್ಯಾಶ್_ಸೈಜ್ ಕಡತಕ್ಕೆ ಕಿರಿದಾದ ಸಂಖ್ಯೆ ಬರೆದು ಓಡುತ್ತಿರುವಾಗಲೇ ತಗ್ಗಿಸಬಹುದು. ಹೆಚ್ಚಿಸಲು ಮಾತ್ರ ರೀಬೂಟ್ ಬೇಕು; ಆದ್ದರಿಂದ ಹೊಸ ಯಂತ್ರಕ್ಕೆ ನಾನು ಮೊದಲು ಧಾರಾಳವಾಗಿಯೇ ಕೊಟ್ಟು, ಯಂತ್ರವನ್ನು ಕೆಡವಿ ಡಂಪ್ ಪಡೆದು, ಅದು ಡಂಪ್ ಓದುವ ‘ಕ್ರ್ಯಾಶ್’ ಎಂಬ ಉಪಕರಣದಲ್ಲಿ ತೆರೆದುಕೊಳ್ಳುವುದನ್ನು ನೋಡಿದ ಮೇಲಷ್ಟೇ ಬಳಕೆಗೆ ಬಿಡುತ್ತೇನೆ.